ಬೇಸಿನ್ ಪಕ್ಕದ ಎರಡು ಡಬ್ಬಿಗಳು

2012ರ ಜೂನ್ ತಿಂಗಳ ಎರಡನೇ ಶನಿವಾರ ಮಾರತ್ತಹಳ್ಳಿಯ ದಂತ ಚಿಕಿತ್ಸಾಲಯವೊಂದರಲ್ಲಿ ನನ್ನ ಹಲ್ಲುಗಳ ಕ್ಲಿಪ್ ಬಿಚ್ಚಿದರು. ಬೆಳಿಗ್ಗೆ ಬಿಚ್ಚಿ, ಅಳತೆ ತೆಗೆದುಕೊಂಡು, ಸಂಜೆ ಮತ್ತೆ ಕರೆಸಿ ಮೂರು ವಸ್ತುಗಳನ್ನು ಕೊಟ್ಟರು. ಹಲ್ಲುಸಾಲಿನ ಮೇಲೆ ಕವಚದಂತೆ ಕೂರುವ ಪಾರದರ್ಶಕ ಪ್ಲಾಸ್ಟಿಕ್ಕಿನ ಒಂದು ರಿಟೇನರ್, ಅದನ್ನಿಡಲು ನೀಲಿ ಡಬ್ಬಿ, ಮತ್ತು ನನ್ನ ಮೇಲ್ಸಾಲಿನ ಹಲ್ಲುಗಳ ಪ್ಲಾಸ್ಟರ್ ಅಚ್ಚು. ರಿಟೇನರ್ ಅನ್ನು ಆ ಅಚ್ಚಿನ ಮೇಲೆಯೇ ಮಾಡಿದ್ದರು.

ನನಗೆ ಆಗ ಮೂವತ್ತೆರಡು ವರ್ಷ. ಕನ್ನಡ ದಿನಪತ್ರಿಕೆಯೊಂದಕ್ಕೆ ವೈಟ್‌ಫೀಲ್ಡ್, ಮಾರತ್ತಹಳ್ಳಿ ಭಾಗದ ವರದಿಗಾರ್ತಿಯಾಗಿದ್ದೆ. ಮೇಲಿನ ಎರಡು ಮುಂದಿನ ಹಲ್ಲುಗಳ ನಡುವೆ ನನಗೆ ಮೊದಲಿನಿಂದ ಒಂದು ಸಂದು ಇತ್ತು. ಬೆಂಕಿಕಡ್ಡಿ ಸಲೀಸಾಗಿ ತೂರುವಷ್ಟು ಅಗಲ. ಶಾಲೆಯಲ್ಲಿ ಹುಡುಗರು ಅದನ್ನು ಗೇಟು ಅನ್ನುತ್ತಿದ್ದರು. ಫೋಟೊದಲ್ಲಿ ಬಾಯಿ ಮುಚ್ಚಿ ನಗುವುದನ್ನು ಆ ವಯಸ್ಸಿನಲ್ಲೇ ಕಲಿತೆ. ದುಡಿಯಲು ಶುರುಮಾಡಿ ಕೆಲವು ವರ್ಷಗಳಾದ ಮೇಲೆ, ಯಾರ ಸಲಹೆಯನ್ನೂ ಕೇಳದೆ, ಅದನ್ನು ಮುಚ್ಚಿಸುವುದೆಂದು ತೀರ್ಮಾನಿಸಿದೆ. ಎರಡು ವರ್ಷ ತಂತಿ ಬಿಗಿಸಿಕೊಂಡ ಮೇಲೆ ಅದು ಮುಚ್ಚಿತ್ತು.

"ಹಲ್ಲಿಗೆ ಹಳೇ ಜಾಗ ನೆನಪಿರುತ್ತೆ ಮೇಡಂ," ಎಂದರು ವೈದ್ಯೆ. "ಮೊದಲ ಒಂದು ವರ್ಷ ವಾಪಸ್ ಹೋಗೋಕೇ ನೋಡ್ತಿರುತ್ತೆ. ಸಂದು ಇದ್ದೋರಿಗೆ ಇನ್ನೂ ಜಾಸ್ತಿ. ಊಟ, ತಿಂಡಿ ಬಿಟ್ರೆ ಉಳಿದ ಹೊತ್ತೆಲ್ಲ ಇದನ್ನ ಹಾಕ್ಕೊಂಡಿರಿ. ಮಲಗೋವಾಗ್ಲೂ."

"ಹಲ್ಲಿನ ಹಿಂದೆ ತಂತಿ ಅಂಟಿಸ್ತಾರಂತಲ್ಲ ಡಾಕ್ಟ್ರೆ?"

"ನಿಮ್ಮ ಕೆಳಗಿನ ಹಲ್ಲು ಕರೆಕ್ಟಾಗಿ ಅಲ್ಲೇ ಬಂದು ತಾಗುತ್ತೆ. ಅಂಟಿಸಿದ್ರೆ ತಿಂಗಳಿಗೊಂದ್ಸಲ ಕಿತ್ತುಕೊಂಡು ಬರ್ತೀರ. ನಿಮಗೆ ಇದೇ ಸರಿ."

ಉಳಿದ ಸೂಚನೆಗಳು ಚಿಕ್ಕವು. ರಿಟೇನರ್ ಬಾಯಲ್ಲಿರಬೇಕು, ಇಲ್ಲವೇ ಡಬ್ಬಿಯಲ್ಲಿರಬೇಕು, ಅದಕ್ಕೆ ಮೂರನೇ ಜಾಗವಿಲ್ಲ. ತಣ್ಣೀರಿನಲ್ಲಿ ಮೆತ್ತನೆಯ ಬ್ರಷ್ಷಿನಿಂದ ತೊಳೆಯಬೇಕು. ಬಿಸಿ ತಗಲಬಾರದು. ಅಚ್ಚನ್ನು ಜೋಪಾನವಾಗಿ ಇಟ್ಟುಕೊಳ್ಳಬೇಕು. ವೈದ್ಯೆ ಹಲವು ಕಡೆ ನಿಗದಿತ ದಿನಗಳಂದು ಹೋಗುವವರು; ಮಾರತ್ತಹಳ್ಳಿಗೆ ಬರುತ್ತಿದ್ದುದು ಶನಿವಾರ ಮಾತ್ರ.

ಬ್ರೂಕ್‌ಫೀಲ್ಡ್‌ನ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಆಗ ನಾವು ಮೂವರು. ನಾನು, ಗಂಡ, ಮತ್ತು ಹಿಂದಿನ ವರ್ಷ ರಾಣೆಬೆನ್ನೂರಿನಿಂದ ಬಂದು ನಮ್ಮೊಂದಿಗೆ ನೆಲೆಸಿದ್ದ ಅತ್ತೆ. ಅತ್ತೆಗೆ ಸ್ವಂತ ಹಲ್ಲು ಒಂದೂ ಇರಲಿಲ್ಲ. ಊರಿನಲ್ಲಿದ್ದಾಗಲೇ ಮೇಲಕ್ಕೂ ಕೆಳಕ್ಕೂ ಸೆಟ್ ಕಟ್ಟಿಸಿಕೊಂಡಿದ್ದರು. ಬಾಯಲ್ಲಿ ಹಾಕಿ ತೆಗೆಯುವ ವಸ್ತುಗಳ ವಿಷಯದಲ್ಲಿ ಮನೆಯಲ್ಲಿ ಅನುಭವವಿದ್ದವರು ಅವರೊಬ್ಬರೇ, ಮತ್ತು ಅದು ಅವರಿಗೆ ಗೊತ್ತಿತ್ತು.

ಅಂದು ಊಟಕ್ಕೆ ಕುಳಿತಾಗ ನಾನು ರಿಟೇನರ್ ತೆಗೆದು ಡಬ್ಬಿಯಲ್ಲಿ ಹಾಕಿ ತಟ್ಟೆಯ ಪಕ್ಕ ಇಟ್ಟೆ.

"ಏನವ್ವಾ ಅದು?"

"ರಿಟೇನರ್ ಅತ್ತೆ. ಊಟಕ್ಕೆ ಮುಂಚೆ ತೆಗೀಬೇಕು."

"ಬಾಯಾಗಿಂದ ತಗದಿದ್ದು ಊಟದ ಟೇಬಲ್ ಮ್ಯಾಲೆ ಇಡ್ತಿಯೇನು? ಎಂಜಲ ಅಲ್ಲೇನು ಅದು?"

"ಡಬ್ಬಿ ಮುಚ್ಚಿದೀನಲ್ಲ."

"ಮುಚ್ಚಿದ್ರ ಎಂಜಲ ಹೋಗತೈತೇನು? ಏಳು, ಬೇಸಿನ್ ಕಡೆ ಇಟ್ಟ್ ಬಾ. ನಂದೂ ಅಲ್ಲೇ ಐತಿ."

ಎದ್ದು ಹೋಗಿ ಇಟ್ಟು ಬಂದೆ. ಬೇಸಿನ್ನಿನ ಮೇಲಿನ ಗಾಜಿನ ಹಲಗೆಯಲ್ಲಿ ಅವರ ಹಲ್ಲಿನ ಸೆಟ್ಟಿನ ಸ್ಟೀಲ್ ಡಬ್ಬಿಯ ಪಕ್ಕ ನನ್ನ ನೀಲಿ ಡಬ್ಬಿಗೆ ಜಾಗ ಸಿಕ್ಕಿತು. ವೈದ್ಯೆಯ ನಿಯಮಕ್ಕೂ ಅತ್ತೆಯ ನಿಯಮಕ್ಕೂ ಅಲ್ಲಿ ತಕರಾರು ಇರಲಿಲ್ಲ. ತಕರಾರು ಬಂದದ್ದು ಮಲಗುವ ಹೊತ್ತಿನ ವಿಷಯಕ್ಕೆ. ಕಟ್ಟಿಸಿದ ಹಲ್ಲನ್ನು ಮಲಗುವಾಗ ತೆಗೆಯಬೇಕು, ರಿಟೇನರನ್ನು ಮಲಗುವಾಗ ಹಾಕಬೇಕು. ಒಂದೇ ಹಲಗೆಯ ಮೇಲಿನ ಎರಡು ಡಬ್ಬಿಗಳಿಗೆ ಹೀಗೆ ತದ್ವಿರುದ್ಧ ಕಾನೂನು ಇರುವುದನ್ನು ಅತ್ತೆ ಒಪ್ಪಲಿಲ್ಲ.

"ವಸಡಿಗೆ ಉಸಿರು ಬ್ಯಾಡೇನು? ನನಗ ಕಟ್ಟಿಕೊಟ್ಟ ಡಾಕ್ಟರ್ ಬಡಕೊಂಡು ಹೇಳಿದ್ದ, ರಾತ್ರಿ ತಗೀರಿ ಅಮ್ಮಾ ಅಂತ. ನಿಮ್ಮ ಡಾಕ್ಟರ್ ಸಣ್ಣಾಕಿ ಇರಬೇಕು."

"ನಿಮ್ಮದು ಹಲ್ಲು ಅತ್ತೆ. ನಂದು ಹಲ್ಲಿಗೆ ಬೇಲಿ."

"ಬೇಲಿ ಯಾತಕ್ಕ? ಸಂದು ಇದ್ದ ಹೆಣ್ಣುಮಕ್ಕಳು ಅದೃಷ್ಟವಂತರು ಅಂತಾರ. ಅದನ್ನ ಮುಚ್ಚಿಸಿಕೊಂಡು, ಈಗ ಬೇಲಿ ಹಾಕಾಕ್ಹತ್ತೀ."



ಕೆಲಸದಲ್ಲಿ ರಿಟೇನರ್‌ಗೆ ಹೊಂದಿಕೊಳ್ಳಲು ಕೆಲವು ದಿನ ಬೇಕಾದವು. ಮೊದಲ ವಾರ ಸಕಾರ, ಶಕಾರಗಳು ನೀರಿನಲ್ಲಿ ನೆನೆದಂತೆ ಬರುತ್ತಿದ್ದವು. ಸಂಜೆ ಕಚೇರಿಗೆ ಫೋನ್ ಮಾಡಿ ಸುದ್ದಿ ಹೇಳುವಾಗ ಡೆಸ್ಕಿನಲ್ಲಿದ್ದ ಉಪಸಂಪಾದಕರು ತಡೆದರು.

"ಮೇಡಂ, ಬೋಂಡ ತಿಂದು ಮುಗಿಸಿ ಆಮೇಲೆ ಫೋನ್ ಮಾಡಿ. ನಾನು ಕಾಯ್ತೀನಿ."

"ಬೋಂಡ ಅಲ್ಲ ಸಾರ್. ಹಲ್ಲಿಗೆ ಕವರ್ ಹಾಕಿದಾರೆ."

"ಸರಿ ಹಾಗಾದ್ರೆ. ನಿಧಾನಕ್ಕೆ ಹೇಳಿ. ನಂಗೂ ಮನೆಗೆ ಹೋಗೋ ಅವಸರ ಏನಿಲ್ಲ."

ರಿಟೇನರ್ ಹಾಕಿಕೊಂಡೇ ಪತ್ರಿಕೆಯನ್ನು ಗಟ್ಟಿಯಾಗಿ ಓದಿ ಅಭ್ಯಾಸ ಮಾಡಿದೆ. ಎರಡನೇ ವಾರಕ್ಕೆ ಮಾತು ಸರಿಹೋಯಿತು. ಕಷ್ಟವೆಂದರೆ ಟೀ. ವರದಿಗಾರರಿಗೆ ಹೋದಲ್ಲೆಲ್ಲ ಟೀ ಬರುತ್ತದೆ. ಬಡಾವಣೆ ಸಂಘದ ಸಭೆಯಲ್ಲಿ, ಠಾಣೆಯಲ್ಲಿ, ಟ್ಯಾಂಕರ್ ಮಾಲೀಕರ ಶೆಡ್ಡಿನಲ್ಲಿ. ಬೇಡವೆಂದರೆ ಅವರ ಮಾತು ಅಲ್ಲಿಗೇ ಒಣಗುತ್ತದೆ. ಹಾಗಾಗಿ ಒಂದು ಕ್ರಮ ಮಾಡಿಕೊಂಡೆ. ಲೋಟ ಕಾಣಿಸುತ್ತಿದ್ದಂತೆ, ಕೈ ತೊಳೆದು ಬರುತ್ತೇನೆ ಎಂದು ಏಳುವುದು. ರಿಟೇನರ್ ತೆಗೆದು ಡಬ್ಬಿಗೆ, ಡಬ್ಬಿ ಬ್ಯಾಗಿಗೆ. ಟೀ ಕುಡಿದ ಮೇಲೆ ಬಾಯಿ ಮುಕ್ಕಳಿಸಿ ಮತ್ತೆ ಹಾಕಿಕೊಳ್ಳುವುದು. ಕಾಗದದ ಕರವಸ್ತ್ರದಲ್ಲಿ ಎಂದೂ ಸುತ್ತಿಡಲಿಲ್ಲ. ಹೋಟೆಲಿನ ಮೇಜು ಒರೆಸುವವರು ಕಾಗದ ಬಿಚ್ಚಿ ನೋಡುವುದಿಲ್ಲ. ವೈಟ್‌ಫೀಲ್ಡಿನ ಬೇಸಿನ್ನುಗಳ ಸ್ಥಿತಿಗತಿಯ ಬಗ್ಗೆ ಆಗ ಕೇಳಿದ್ದರೆ ಒಂದು ಸರಣಿಯನ್ನೇ ಬರೆದುಕೊಡುತ್ತಿದ್ದೆ.

ಹೀಗೆ ಜೂನ್ ಕಳೆದು ಜುಲೈ ಮುಗಿಯುತ್ತ ಬಂತು. ಹಲ್ಲಿನ ನಡುವೆ ಕೊಳೆ ತೆಗೆಯುವ ದಾರ ಎಳೆದು ದಿನವೂ ಪರೀಕ್ಷಿಸುತ್ತಿದ್ದೆ. ಸಂದು ಇದ್ದ ಜಾಗದಲ್ಲಿ ದಾರ ಬಿಗಿಯಾಗಿ, ಟಕ್ಕೆಂದು ಇಳಿಯುತ್ತಿತ್ತು. ಆ ಟಕ್ ಸದ್ದು ಕೇಳುವವರೆಗೆ ನನಗೆ ಬೆಳಗಾಗುತ್ತಿರಲಿಲ್ಲ.

ನಮ್ಮ ಅಪಾರ್ಟ್‌ಮೆಂಟಿಗೆ ಆಗ ಕಾವೇರಿ ನೀರು ಬಂದಿರಲಿಲ್ಲ. ಬೋರ್‌ವೆಲ್ ನೀರು, ಸಾಲದಿದ್ದಾಗ ಟ್ಯಾಂಕರ್ ನೀರು, ಎರಡೂ ಗಡಸು. ನಲ್ಲಿಯ ಮೂತಿ, ಬಕೆಟ್ಟಿನ ಅಂಚು, ಗೀಸರಿನ ಸುರುಳಿ ಎಲ್ಲಕ್ಕೂ ಬಿಳಿ ಪದರ ಕಟ್ಟುತ್ತಿತ್ತು. ಅದೇ ಪದರ ರಿಟೇನರ್ ಮೇಲೂ ಕೂರತೊಡಗಿತು. ಬ್ರಷ್ಷಿಗೆ ಅದು ಬಗ್ಗಲಿಲ್ಲ. ಮುಂದಿನ ಸಲ ಹೋದಾಗ ವೈದ್ಯೆಯನ್ನು ಕೇಳಿದರಾಯಿತು ಎಂದುಕೊಂಡೆ. ಅತ್ತೆಯೂ ಅದನ್ನು ಗಮನಿಸಿದ್ದರು.

ಶ್ರಾವಣದ ಸೋಮವಾರ. ಮನೆಯಲ್ಲಿ ಶಿವಪೂಜೆ ಜೋರಿನ ದಿನ. ಅತ್ತೆ ಬೆಳಿಗ್ಗೆ ಬೇಗ ಎದ್ದು ದೀಪದ ಕಂಬ, ಗಂಟೆ, ತಾಮ್ರದ ತಂಬಿಗೆಗಳನ್ನು ಹುಣಸೆಹಣ್ಣು ಹಚ್ಚಿ, ಕುದಿಯುವ ನೀರು ಸುರಿದು ಬೆಳಗಿದ್ದರು. ನಾನು ತಿಂಡಿಗೆ ಕೂರುವಾಗ ರಿಟೇನರ್ ತೆಗೆದು ಎಂದಿನ ಜಾಗದಲ್ಲಿಟ್ಟೆ. ತಿಂಡಿ ಮುಗಿಸಿ ಸ್ನಾನಕ್ಕೆ ಹೋದೆ. ಸ್ನಾನ ಮುಗಿಸಿ ಬಂದು ಡಬ್ಬಿ ತೆರೆದರೆ ರಿಟೇನರ್ ಕ್ಲಿನಿಕ್ಕಿನಿಂದ ತಂದ ದಿನದಷ್ಟೇ ಸ್ವಚ್ಛವಾಗಿತ್ತು.

ಬಾಯಿಗೆ ಹಾಕಿದೆ. ಕೂರಲಿಲ್ಲ. ಎಡಕ್ಕೆ ಒತ್ತಿದರೆ ಬಲಗಡೆ ಏಳುತ್ತಿತ್ತು, ಬಲಕ್ಕೆ ಒತ್ತಿದರೆ ಎಡಗಡೆ. ತೆಗೆದು ಬೆಳಕಿಗೆ ಹಿಡಿದೆ. ಅಂಚು ಒಳಕ್ಕೆ ಮುರುಟಿತ್ತು.

"ಅತ್ತೆ, ಇದನ್ನ ನೀವು ತೊಳೆದ್ರಾ?"

"ಹೂಂನವ್ವಾ. ದೇವರ ಸಾಮಾನಿನ ಜೋಡಿ ಅಲ್ಲ ಮತ್ತ. ಅವೆಲ್ಲ ಆದಮ್ಯಾಲೆ, ಬಚ್ಚಲ ಮಗ್ಗಿನಾಗ, ನಂದು ನಿಂದು ಎರಡೂ ಹಾಕಿ, ಹುಣಸಿಹಣ್ಣಿನ ನೀರು ಕುದಿಸಿ ಸುರಿದೆ. ನೋಡು, ಕನ್ನಡಿ ಆಗೇತಿ."

"ಸೊಟ್ಟ ಆಗಿದೆ ಅತ್ತೆ."

ಅವರು ಹತ್ತಿರ ಬಂದು ನೋಡಿದರು. ಕೈಗೆ ತೆಗೆದುಕೊಳ್ಳಲಿಲ್ಲ.

"ನಂದು ಯಾವಾಗ್ಲೂ ಕುದಿಯೋ ನೀರಾಗ ತೊಳೀತೀನಿ. ಎಂಜಲಂದ್ರ ಹಂಗs ತೊಳೀಬೇಕು. ನಂದಕ್ಕೇನೂ ಆಗಿಲ್ಲಲ್ಲ."

ಕ್ಲಿನಿಕ್ಕಿಗೆ ಫೋನ್ ಮಾಡಿದೆ. ಡಾಕ್ಟರ್ ಶನಿವಾರ ಮಾತ್ರ ಬರುವುದು ಎಂದರು. ನಂಬರ್ ಕೊಟ್ಟು, ವಿಷಯ ತುರ್ತು ಎಂದೆ. ಒಂದು ಗಂಟೆಯೊಳಗೆ ವೈದ್ಯೆಯೇ ಕರೆ ಮಾಡಿದರು.

"ಒತ್ತಿ ಹಾಕ್ಕೋಬೇಡಿ ಮೇಡಂ. ಸೊಟ್ಟಗಾಗಿರೋದನ್ನ ಹಾಕಿದ್ರೆ ಹಲ್ಲೂ ಹಂಗೇ ಸೊಟ್ಟ ಹೋಗುತ್ತೆ. ಹಾಕದೆ ಇದ್ರೆ ಸಂದು ಬಿಡೋಕೆ ಶುರುವಾಗುತ್ತೆ. ಶನಿವಾರದ ತನಕ ಕಾಯೋದು ಬೇಡ. ಬುಧವಾರ ನಾನು ಎಲೆಕ್ಟ್ರಾನಿಕ್ ಸಿಟಿ ಕ್ಲಿನಿಕ್‌ನಲ್ಲಿರ್ತೀನಿ, ಅಲ್ಲಿಗೆ ಬಂದ್ಬಿಡಿ. ಬರೋವಾಗ ಅಚ್ಚು ತನ್ನಿ."

"ಅಚ್ಚು ಇಲ್ಲದಿದ್ರೆ?"

"ಹೊಸದಾಗಿ ಅಳತೆ ತಗೋಬಹುದು. ಆದ್ರೆ ಬುಧವಾರ ನಿಮ್ಮ ಹಲ್ಲು ಎಲ್ಲಿರುತ್ತೋ ಅಲ್ಲಿನ ಅಳತೆ ಬರುತ್ತೆ. ಜೂನ್‌ನಲ್ಲಿ ಇದ್ದ ಜಾಗ ನಿಮ್ಮ ಅಚ್ಚಿನಲ್ಲಿ ಮಾತ್ರ ಇದೆ."

ಅಚ್ಚನ್ನು ಕ್ಲಿನಿಕ್ಕಿನ ಪ್ಲಾಸ್ಟಿಕ್ ಚೀಲದಲ್ಲಿ ಟಿವಿ ಪಕ್ಕ ಇಟ್ಟದ್ದು ನೆನಪಿತ್ತು. ಈಗ ಅಲ್ಲಿರಲಿಲ್ಲ. ಪುಸ್ತಕದ ಕಪಾಟು, ಬಟ್ಟೆ ಕಪಾಟು, ಹಳೆ ಪತ್ರಿಕೆಗಳ ರಾಶಿಯ ಹಿಂದೆ, ಎಲ್ಲ ಕಡೆ ಹುಡುಕಿದೆ. ಗಂಡನಿಗೆ ಫೋನ್ ಮಾಡಿದರೆ ತಾನು ಅಂಥದ್ದೊಂದನ್ನು ನೋಡಿಯೇ ಇಲ್ಲವೆಂದ. ಅತ್ತೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಹಚ್ಚಿಕೊಂಡು ಹೊರಬಂದರು.

"ಏನ್ ಹುಡುಕಾಕ್ಹತ್ತೀ?"

"ಹಲ್ಲಿನ ಅಚ್ಚು ಅತ್ತೆ. ಬಿಳೀದು. ಪ್ಲಾಸ್ಟರಿಂದು."

ಅವರು ತಮ್ಮ ಕೋಣೆಗೆ ಹೋಗಿ ಸ್ಟೀಲ್ ಅಲ್ಮೆರಾ ತೆರೆದ ಸದ್ದು ಕೇಳಿಸಿತು. ಗುಳೇದಗುಡ್ಡದ ಒಂದು ರವಿಕೆ ಖಣದಲ್ಲಿ ಸುತ್ತಿದ ಗಂಟು ತಂದು ನನ್ನ ಕೈಗಿಟ್ಟರು. ಬಿಚ್ಚಿದೆ. ಅಚ್ಚು ಒಂದು ಹಲ್ಲೂ ಮುಕ್ಕಾಗದೆ ಇತ್ತು.

"ಕೆಲಸದಾಕಿ ಕಸದ ಬುಟ್ಟಿಗೆ ಹಾಕಾಕ್ಹತ್ತಿದ್ಲು. ಮನುಷ್ಯರ ಬಾಯಿ ಅದು. ಕಸದಾಗ ಹಾಕಾಕ ಬರತೈತೇನು?"

ಮಂಗಳವಾರ ಎಂದಿನಂತೆ ಕೆಲಸಕ್ಕೆ ಹೋದೆ. ರಸ್ತೆ ಅಗಲೀಕರಣದ ಅಹವಾಲು ಸಭೆ ಇತ್ತು. ಟೀ ಬಂದಾಗ ಏಳುವ ಅಗತ್ಯವಿರಲಿಲ್ಲ. ಸಂಜೆ ಸುದ್ದಿ ಹೇಳುವಾಗ ಉಪಸಂಪಾದಕರು, "ಇವತ್ತು ಮಾತು ಮುತ್ತಿನ ಹಾಗಿದೆ ಮೇಡಂ, ಕವರ್ ತೆಗೆದ್ರಾ?" ಎಂದು ಕೇಳಿದರು. ನಾಲಿಗೆ ಮಾತ್ರ ದಿನವಿಡೀ ಆ ಎರಡು ಹಲ್ಲುಗಳ ಹಿಂದೆ ಓಡಾಡುತ್ತಿತ್ತು. ಬುಧವಾರ ಬೆಳಿಗ್ಗೆ ದಾರ ಎಳೆದಾಗ ಟಕ್ ಸದ್ದು ಬರಲಿಲ್ಲ. ದಾರ ಸುಮ್ಮನೆ ಜಾರಿ ಕೆಳಗಿಳಿಯಿತು.

ನಾನು ಹೊರಡುವಾಗ ಅತ್ತೆ ಸೀರೆ ಬದಲಿಸಿ ಬಾಗಿಲಲ್ಲಿ ನಿಂತಿದ್ದರು.

"ನೀವ್ಯಾಕೆ ಅತ್ತೆ ಅಷ್ಟು ದೂರ?"

"ಮಾಡಿದಾಕಿ ನಾನು. ಹೇಳಬೇಕಾದಾಕಿನೂ ನಾನs. ನೀನು ಹೋಗಿ ಅತ್ತಿ ಕೆಡಿಸಿದ್ಲು ಅಂತ ಹೇಳೋದು, ಆಕಿ ಹೌದೇನ್ರೀ ಅನ್ನೋದು, ಅದು ಬ್ಯಾಡ."

ಹೊರವರ್ತುಲ ರಸ್ತೆಯ ಬಸ್ಸಿನಲ್ಲಿ ಸಿಲ್ಕ್ ಬೋರ್ಡ್‌ವರೆಗೆ, ಅಲ್ಲಿಂದ ಇನ್ನೊಂದು ಬಸ್ಸು. ಗಂಟನ್ನು ಅತ್ತೆ ತೊಡೆಯ ಮೇಲೆ ಎರಡೂ ಕೈಯಲ್ಲಿ ಹಿಡಿದು ಕುಳಿತಿದ್ದರು. ಪಕ್ಕದ ಸೀಟಿನ ಹೆಂಗಸು ಬಹಳ ಹೊತ್ತು ನೋಡಿ ಕೇಳಿದರು.

"ಏನಮ್ಮಾ ಅದು, ದೇವರ ವಿಗ್ರಹನಾ?"

"ಅಲ್ರೀ. ನಮ್ಮ ಸೊಸಿ ಹಲ್ಲು."

ಆ ಹೆಂಗಸು ನನ್ನ ಬಾಯಿಯ ಕಡೆ ಒಮ್ಮೆ ನೋಡಿ ಕಿಟಕಿಯ ಕಡೆ ತಿರುಗಿದರು.

ವೈದ್ಯೆ ಹಲ್ಲು ನೋಡಿದರು, ಅಚ್ಚು ನೋಡಿದರು, ಮುರುಟಿದ ರಿಟೇನರನ್ನು ಅಚ್ಚಿನ ಮೇಲಿಟ್ಟು ನೋಡಿದರು. ಅತ್ತೆ ನಿಂತುಕೊಂಡೇ, ಹುಣಸೆಹಣ್ಣಿನಿಂದ ಹಿಡಿದು ಬಚ್ಚಲ ಮಗ್ಗಿನವರೆಗೆ ಎಲ್ಲವನ್ನೂ ಕ್ರಮವಾಗಿ ಹೇಳಿದರು. ನಾನು ಸೇರಿಸಬೇಕಾದದ್ದು ಏನೂ ಉಳಿಯಲಿಲ್ಲ.

"ಸಂದು ಕೂದಲೆಳೆಯಷ್ಟು ಬಿಟ್ಟಿದೆ," ಎಂದರು ವೈದ್ಯೆ. "ಅಚ್ಚು ಇರೋದ್ರಿಂದ ಪರವಾಗಿಲ್ಲ. ಲ್ಯಾಬ್ ಇಲ್ಲೇ ಬೊಮ್ಮಸಂದ್ರದಲ್ಲಿದೆ, ಸಂಜೆಗೆ ಹೊಸದು ಬರುತ್ತೆ. ಅದು ಜೂನ್ ತಿಂಗಳ ಅಳತೆಗೇ ಇರುತ್ತೆ. ಬಿಗಿಯಾಗುತ್ತೆ, ನೋವಾಗುತ್ತೆ, ತೆಗೀಬೇಡಿ. ಹಲ್ಲನ್ನ ಅದೇ ವಾಪಸ್ ತಳ್ಳುತ್ತೆ. ಪೂರ್ತಿ ತಳ್ಳುತ್ತೋ ಇಲ್ವೋ ಶನಿವಾರ ಹೇಳ್ತೀನಿ." ಬಿಳಿ ಪದರಕ್ಕೆ ತಣ್ಣೀರಿನಲ್ಲಿ ಸ್ವಲ್ಪ ವಿನೆಗರ್ ಬೆರೆಸಿ ನೆನೆಹಾಕಬೇಕು ಎಂದೂ ಹೇಳಿದರು.

ಸಂಜೆಯವರೆಗೆ ಹೊತ್ತು ಕಳೆಯಬೇಕಿತ್ತು. ಪಕ್ಕದ ಹೋಟೆಲಿನಲ್ಲಿ ಊಟಕ್ಕೆ ಕುಳಿತೆವು. ತಟ್ಟೆ ಬರುತ್ತಿದ್ದಂತೆ ಅತ್ತೆ ಸೆರಗು ಅಡ್ಡ ಹಿಡಿದು, ಗೋಡೆಯ ಕಡೆ ತಿರುಗಿ, ಹಲ್ಲಿನ ಸೆಟ್ ತೆಗೆದು ಸ್ಟೀಲ್ ಡಬ್ಬಿಯಲ್ಲಿ ಹಾಕಿಕೊಂಡರು. ಮನೆಯಲ್ಲಿ ಅವರು ನಮ್ಮಿಬ್ಬರ ಊಟವಾದ ಮೇಲೆ ಅಡುಗೆಮನೆಯಲ್ಲಿ ಒಬ್ಬರೇ ಕುಳಿತು ಉಣ್ಣುವವರು. ನಾನು ಎದುರಿಗೆ ಕುಳಿತು ನೋಡಿದ್ದು ಅದೇ ಮೊದಲು.

"ಊಟಕ್ಕೆ ತೆಗೀತೀರಾ ಅತ್ತೆ?"

"ಮತ್ತ? ಹಾಕ್ಕೊಂಡು ಉಣ್ಣಾಕ ಬರತೈತೇನು? ಅಲ್ಲಾಡತೈತಿ. ಇದು ನಾಲ್ಕು ಮಂದ್ಯಾಗ ಮಾತಾಡಾಕ."

"ಹಲ್ಲು ಕಟ್ಟಿಸೋದೇ ಊಟಕ್ಕೆ."

"ನೀನೂ ತಗೀತಿಯಲ್ಲವ್ವಾ ಊಟಕ್ಕ."

ರೊಟ್ಟಿಯನ್ನು ಸಾರಿನಲ್ಲಿ ನೆನೆಸಿ ತಿನ್ನುವುದು ಅವರ ರುಚಿ ಎಂದೇ ಮನೆಯಲ್ಲಿ ನಾವಿಬ್ಬರೂ ತಿಳಿದಿದ್ದೆವು. ಊಟ ಮುಗಿಸಿ ಕ್ಲಿನಿಕ್ಕಿಗೆ ಮರಳಿದಾಗ ಸೆಟ್ಟನ್ನು ವೈದ್ಯೆಗೆ ತೋರಿಸೋಣವೆಂದೆ. ಅತ್ತೆ ಮೊದಲು ಬೇಡವೆಂದರು, ಆಮೇಲೆ ಡಬ್ಬಿಯನ್ನು ಮೇಜಿನ ಮೇಲಿಟ್ಟರು.

ವೈದ್ಯೆ ಕೈಗವಸು ಹಾಕಿ ಸೆಟ್ಟನ್ನು ತಿರುಗಿಸಿ ನೋಡಿದರು. ಅತ್ತೆಯ ಬಾಯಲ್ಲಿಟ್ಟು ಬೆರಳಿನಿಂದ ಒತ್ತಿದರು.

"ಅಮ್ಮಾ, ಕಟ್ಟಿಸಿದಾಗಿಂದ ಅಲ್ಲಾಡ್ತಿತ್ತಾ?"

"ಮೊದಲು ಗಟ್ಟಿ ಇತ್ತು. ಮನೀಗೆ ತಂದು ಒಂದೆರಡು ದಿನಕ್ಕ ಸಡಲಾತು. ಎಲ್ಲಾರದೂ ಹಂಗs ಇರತೈತಿ ಅಂದ್ಕೊಂಡೆ."

"ಅವತ್ತಿಂದಲೂ ಕುದಿಯೋ ನೀರಲ್ಲೇ ತೊಳೀತಿದ್ರಾ?"

"ಹೂಂ."

"ಇದೂ ಸೊಟ್ಟಗಾಗಿದೆ. ಇದು ದಪ್ಪ ಇರೋದ್ರಿಂದ ಕಣ್ಣಿಗೆ ಕಾಣಲ್ಲ ಅಷ್ಟೇ."

ಅತ್ತೆ ಸೆಟ್ಟನ್ನು ಡಬ್ಬಿಯಲ್ಲಿ ಹಾಕಿ ಮುಚ್ಚಳ ಒತ್ತಿದರು.

"ನಾಲ್ಕು ವರ್ಷ ರೊಟ್ಟಿ ನೆನಸಿ ತಿಂದೀನಿ ನಾನು," ಎಂದರು.

ಹೊತ್ತು ಮುಳುಗುವ ಮೊದಲು ಹೊಸ ರಿಟೇನರ್ ಬಂತು. ವೈದ್ಯೆ ಎರಡೂ ಹೆಬ್ಬೆರಳಿನಲ್ಲಿ ಒತ್ತಿ ಕೂರಿಸಿದರು. ಕಣ್ಣಲ್ಲಿ ನೀರು ಬರುವಷ್ಟು ಬಿಗಿಯಿತ್ತು. ವಾಪಸಾಗುವಾಗ, ಸಿಲ್ಕ್ ಬೋರ್ಡ್ ದಾಟಿದ ಮೇಲೆ, ಅತ್ತೆ ಕೇಳಿದರು.

"ನೋಯತೈತೇನು?"

"ಹೂಂ."

"ತಗೀಬ್ಯಾಡ."

ಶನಿವಾರ ಬೆಳಿಗ್ಗೆ ದಾರ ಬಿಗಿಯಿತು, ಟಕ್ಕೆಂದಿತು. ಮಾರತ್ತಹಳ್ಳಿಯಲ್ಲಿ ವೈದ್ಯೆ ಕನ್ನಡಿ ಹಿಡಿದು ನೋಡಿ, ಹಲ್ಲು ಜೂನ್‌ನಲ್ಲಿದ್ದ ಜಾಗಕ್ಕೇ ಬಂದಿದೆ ಎಂದರು. ಅದೇ ಕ್ಲಿನಿಕ್ಕಿನ ಇನ್ನೊಬ್ಬ ವೈದ್ಯರು ಅತ್ತೆಗೆ ಹೊಸ ಸೆಟ್ಟಿನ ಅಳತೆ ತೆಗೆದುಕೊಂಡರು. ಅದು ದಸರೆಗೆ ಮೊದಲು ಕೈಗೆ ಬಂತು. ಬೇಸಿನ್ನಿನ ಹಲಗೆಯ ಮೇಲೆ ಅತ್ತೆಯದೇ ಆಜ್ಞೆಯಂತೆ ತಣ್ಣೀರಿನ ಒಂದು ತಂಬಿಗೆ ಬಂದು ಕೂತಿತು. ಎಂಜಲಿನ ನಿಯಮದಲ್ಲಿ ಬದಲಾವಣೆ ಆಗಲಿಲ್ಲ. ಡಬ್ಬಿಗಳು ಊಟದ ಮೇಜಿಗೆ ಇಂದಿಗೂ ಬಂದಿಲ್ಲ. ಅತ್ತೆ ಈಗ ನಮ್ಮೊಂದಿಗೆ ಮೇಜಿನಲ್ಲೇ ಊಟಕ್ಕೆ ಕೂರುತ್ತಾರೆ. ಒಣ ರೊಟ್ಟಿಯನ್ನು ನೆನೆಸದೆ ಮುರಿದು ತಿನ್ನುತ್ತಾರೆ. ಗಂಡ ಒಮ್ಮೆ, "ಸದ್ದು ಕಡಿಮೆ ಮಾಡವ್ವಾ, ಟಿವಿ ಕೇಳಂಗಿಲ್ಲ" ಎಂದಾಗ, "ಟಿವಿ ಆರಿಸು" ಎಂದರು.

ಎರಡನೇ ವರ್ಷದಿಂದ ವೈದ್ಯೆಯ ಸೂಚನೆಯಂತೆ ರಿಟೇನರನ್ನು ಮಲಗುವಾಗ ಮಾತ್ರ ಹಾಕುತ್ತಿದ್ದೇನೆ. ಈಗ ಇರುವುದು ನಾಲ್ಕನೆಯದು. ನಾಲ್ಕನ್ನೂ ಅದೇ ಅಚ್ಚಿನ ಮೇಲೆ ಮಾಡಿದ್ದಾರೆ. ಅಚ್ಚು ಖಣದಲ್ಲಿ ಸುತ್ತಿದಂತೆಯೇ ಅತ್ತೆಯ ಅಲ್ಮೆರಾದಲ್ಲಿದೆ. 2019ರ ಮಾರ್ಚ್‌ನಲ್ಲಿ ತಪಾಸಣೆಗೆ ಹೋದಾಗ ವೈದ್ಯೆ ಮುಂದಿನ ಎರಡು ಹಲ್ಲುಗಳ ನಡುವೆ ದಾರ ಇಳಿಸಿದರು. ಟಕ್ಕೆಂದಿತು.